ವೆಲ್ಡಿಂಗ್ ಮಿಷನ್ನಿನ ತಯಾರಿಕಾ ಸ್ಥಳ

ಅಥವಾ ಮಿಷನ್ನಿನ ಹೊರಡಬ್ಬಕ್ಕೆ ಹಸಿರು ಬಣ್ಣ ಬಂದದ್ದು ಆಮೇಲೆ ಇರಬಹುದು. ನಾನು ಕಣ್ಣು ಮುಚ್ಚಿದರೆ ಚಿಕ್ಕಪ್ಪನ ವೆಲ್ಡಿಂಗ್ ಮಿಷನ್ನುಗಳೆಲ್ಲ ಹಸಿರಾಗಿಯೇ ಕಾಣುತ್ತವೆ. ಆದರೆ ನಾನು ಕನ್ನಡ ಪಾಠ ಹೇಳುವ ಹೈಸ್ಕೂಲಿನ ಬೀರುಗಳೂ ಅದೇ ಹಸಿರು, ಮತ್ತು ಇಷ್ಟು ವರ್ಷ ನಾನು ದಿನಾ ನೋಡಿದ್ದು ಬೀರುಗಳನ್ನು. ಒಂದರ ಬಣ್ಣ ಇನ್ನೊಂದಕ್ಕೆ ತಾಗಿರಬಹುದು. ಚಿಕ್ಕಪ್ಪನನ್ನು ಕೇಳಿದರೆ ನೀಲಿ ಎನ್ನುತ್ತಾನೆ. ಅವನು ತನ್ನ ಮದುವೆಯ ಶರ್ಟೂ ನೀಲಿ ಎನ್ನುತ್ತಾನೆ. ಫೋಟೋದಲ್ಲಿ ಅದು ಬಿಳಿ. ಹಾಗಾಗಿ ಬಣ್ಣದ ವಿಷಯ ಬಿಡೋಣ.

ಮೊನ್ನೆ ರೇಷನ್ ಕಾರ್ಡು ಹುಡುಕುವಾಗ ಮೇಜಿನ ಡ್ರಾಯರಿನಲ್ಲಿ ಒಂದು ಅಲ್ಯೂಮಿನಿಯಂ ತಗಡು ಸಿಕ್ಕಿತು. ಅಂಗೈಯಷ್ಟು ಅಗಲ, ನಾಲ್ಕು ಮೂಲೆಗೆ ನಾಲ್ಕು ತೂತು. ಮಿಷನ್ನಿನ ಮುಂದೆ ರಿವೆಟ್ ಹೊಡೆದು ಕೂರಿಸುವ ಪ್ಲೇಟು. ವೋಲ್ಟು, ಆಂಪಿಯರು, ಸೀರಿಯಲ್ ನಂಬರಿಗೆ ಖಾಲಿ ಜಾಗ, ಕೆಳಗೆ ಇಂಗ್ಲಿಷಿನಲ್ಲಿ ‘ಮೇಡ್ ಇನ್ ಕೊಯಮತ್ತೂರು’. ಇದನ್ನು ಅಚ್ಚು ಹಾಕಿಸಿದ್ದು ಶಿವಮೊಗ್ಗದಲ್ಲಿ. ಹೊಡೆಯುತ್ತಿದ್ದದ್ದು ಶಿಕಾರಿಪುರದ ಮಿಷನ್ನುಗಳ ಮೇಲೆ. ಕೊಯಮತ್ತೂರನ್ನು ನಮ್ಮ ಮನೆತನದಲ್ಲಿ ಈವರೆಗೆ ಯಾರೂ ನೋಡಿಲ್ಲ.

ಮೋಸ ಎನ್ನುತ್ತೀರಿ. ನಾನೂ ಒಮ್ಮೆ ಎಂದಿದ್ದೆ. ಆಗ ಚಿಕ್ಕಪ್ಪ ಹಾಲೇಶಪ್ಪ ಹೇಳಿದ ಕಥೆ ಇದು. ಅವನು ಹೇಳಿದ್ದಾದ್ದರಿಂದ ಸ್ವಲ್ಪ ಕಳೆದು ಓದಬೇಕು. ಅವನು ಮೊದಲ ಮಿಷನ್ ಮಾಡಿ, ಅದರ ಮೇಲೆ ಸತ್ಯವಾಗಿ ‘ಶಿಕಾರಿಪುರ’ ಎಂದು ಬರೆಸಿ ಅಂಗಡಿ ಮುಂದೆ ಇಟ್ಟ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಅದು ಅಲ್ಲೇ ಇತ್ತು. ಹಿರೇಕೆರೂರಿನ ಕಡೆಯಿಂದ ಒಬ್ಬರು ಬಂದರು.

“ಯಾವೂರ್ದ್ರೀ ಇದು?”

“ಇಲ್ಲೇದು. ನಾನೇ ಮಾಡಿದ್ದು.”

“ಹಂಗಾರೆ ಬ್ಯಾಡ ಬಿಡ್ರಿ. ಕೊಯಮತ್ತೂರ್ದು ಬಂದಾಗ ಒಂದ್ ಫೋನ್ ಹಾಕ್ರಿ.”

ಹದಿನೈದು ದಿನ ಬಿಟ್ಟು ಚಿಕ್ಕಪ್ಪ ಫೋನ್ ಹಾಕಿದ. ಅವರು ಬಂದು, ಅದೇ ಮಿಷನ್ನಿನ ನೆತ್ತಿ ತಟ್ಟಿ, “ನೋಡ್ರಿ, ಮುಟ್ಟಿದ್ರೇ ಗೊತ್ತಾಗ್ತೈತಿ” ಎಂದು ಟ್ರಾಕ್ಟರಿಗೆ ಏರಿಸಿಕೊಂಡು ಹೋದರು. ಅಲ್ಲಿಂದ ಮುಂದೆ ಎಲ್ಲವೂ ಕೊಯಮತ್ತೂರೇ.

ಚಿಕ್ಕಪ್ಪ ಕಬ್ಬಿಣ ಕತ್ತರಿಸುವ ಕಟಿಂಗ್ ಮಿಷನ್ನನ್ನೂ ಮಾಡುತ್ತಿದ್ದ. ಮಾಡುತ್ತಿದ್ದ ಎಂದರೆ, ಮೋಟರು ಒಂದು ಊರಿಂದ, ತಿರುಗುವ ಚಕ್ರ ಇನ್ನೊಂದು ಊರಿಂದ, ಬೆಲ್ಟು ಮತ್ತೊಂದು ಊರಿಂದ ಬರುತ್ತಿತ್ತು. ಕೆಳಗಿನ ಪೀಠ ಮತ್ತು ಹಿಡಿಕೆ ಮಾತ್ರ ನಮ್ಮದು. ಹಿಡಿಕೆಗೆ ಹಳೇ ಸೈಕಲ್ ಟ್ಯೂಬು ಸುತ್ತುತ್ತಿದ್ದ. ಆ ಟ್ಯೂಬು ಯಾವ ಊರಿನದೋ. ಕಟಿಂಗ್ ಮಿಷನ್ ನಿಜವಾಗಿ ಎಲ್ಲಿ ತಯಾರಾಯಿತು ಎಂದು ಯಾರೂ ಜಗಳ ಮಾಡಲಿಲ್ಲ, ಯಾಕೆಂದರೆ ಅದರಲ್ಲಿ ತನ್ನದು ಎಂದು ಹಟ ಹಿಡಿಯುವಂಥದ್ದು ಯಾರಿಗೂ ಇರಲಿಲ್ಲ. ವೆಲ್ಡಿಂಗ್ ಮಿಷನ್ನಿನ ಕಥೆ ಬೇರೆ. ಅದರ ಹೊಟ್ಟೆಯಲ್ಲಿ ಅತ್ತೆ ಇದ್ದಳು.

ಆ ಮಿಷನ್ನಿನ ಒಳಗೆ ಕಬ್ಬಿಣದ ತಗಡು ಜೋಡಿಸಿದ ಒಂದು ಕೋರು, ಅದರ ಮೇಲೆ ಎರಡು ಕಾಯಿಲು, ಅಂದರೆ ಸುರುಳಿ. ಕರೆಂಟು ಒಳಬರುವ ಕಾಯಿಲು ಸಣ್ಣ ತಂತಿಯದು. ಚಿಕ್ಕಪ್ಪ ಅದನ್ನು ಅಂಗಡಿಯಲ್ಲೇ ಕೈಯಂತ್ರಕ್ಕೆ ಹಾಕಿ ಸುತ್ತುತ್ತಿದ್ದ. ಸುತ್ತು ಎಣಿಸಲು ಯಂತ್ರಕ್ಕೇ ಒಂದು ಗಡಿಯಾರ ಇತ್ತು. ಕರೆಂಟು ರಾಡಿಗೆ ಹೋಗುವ ಕಾಯಿಲು ದಪ್ಪ ತಾಮ್ರದ ಪಟ್ಟಿಯದು. ಅದು ಕೈಯಂತ್ರಕ್ಕೆ ಬಗ್ಗುವುದಿಲ್ಲ. ಮರದ ಅಚ್ಚಿಗೆ ಒಂದೊಂದೇ ಸುತ್ತು ಹಾಕಿ, ಮರದ ಕೊಡತಿಯಿಂದ ಬಡಿದು ಕೂರಿಸಬೇಕು. ಅದನ್ನು ಮಾಡುತ್ತಿದ್ದವಳು ಚಿಕ್ಕಪ್ಪನ ಅಕ್ಕ, ನನ್ನ ಅತ್ತೆ ಗಿರಿಜಮ್ಮ, ಸೊರಬ ತಾಲ್ಲೂಕಿನ ಜಡೆಯಲ್ಲಿ, ತನ್ನ ಪಡಸಾಲೆಯಲ್ಲಿ. ಮಾವ ಇದ್ದಾಗ ಸುತ್ತಮುತ್ತಲಿನ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳನ್ನು ಸುತ್ತಿಕೊಡುತ್ತಿದ್ದರು. ಅವರಿಗೆ ಕೈ ನಡುಕ ಬಂದ ಮೇಲೆ ಮಾತು ಅವರದು, ಕೈ ಅತ್ತೆಯದು ಆಯಿತು. ಆಮೇಲೆ ಮಾತೂ ಅವಳದೇ ಆಯಿತು. ವಾರ್ನಿಶಿನಲ್ಲಿ ಅದ್ದಿದ ಕಾಯಿಲುಗಳು ಅಂಗಳದಲ್ಲಿ ಹಪ್ಪಳದ ಪಕ್ಕದಲ್ಲಿ ಒಣಗುತ್ತಿದ್ದವು. ಒಣಗಿದ ಮೇಲೆ ಗೊಬ್ಬರದ ಚೀಲದಲ್ಲಿ ಕೂತು ಜಡೆಯಿಂದ ಸೊರಬಕ್ಕೆ, ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದವು.

ಮಿಷನ್ನುಗಳ ಬಗ್ಗೆ ಬರೆಯಲು ನನಗೆ ಏನು ಅರ್ಹತೆ ಎಂದು ನೀವು ಕೇಳಬಹುದು. ನನ್ನ ಅರ್ಹತೆ ಒಂದೇ: ಚಿಕ್ಕವನಿದ್ದಾಗ ನೋಡಬೇಡ ಎಂದರೂ ವೆಲ್ಡಿಂಗಿನ ಬೆಳಕು ನೋಡಿದ್ದೆ. ಕಣ್ಣಿಗೆ ಮರಳು ಹೊಯ್ದ ಹಾಗೆ ಆಗಿ ಅರ್ಧ ದಿನ ಆಲೂಗಡ್ಡೆ ಹೋಳು ಕಣ್ಣ ಮೇಲಿಟ್ಟುಕೊಂಡು ಮಲಗಿದ್ದೆ. ಆ ಹೋಳನ್ನೇ ಆಮೇಲೆ ಪಲ್ಯ ಮಾಡಿದರು ಎಂದು ನನ್ನ ಅಕ್ಕ ಈಗಲೂ ಹೇಳುತ್ತಾಳೆ. ತಿಂದ ನೆನಪಿದೆ, ರುಚಿಯ ನೆನಪಿಲ್ಲ. ರುಚಿ ಇಲ್ಲದ ನೆನಪನ್ನು ನಾನು ನಂಬುವುದಿಲ್ಲ.

ಈಗ ಊಟದ ಡಬ್ಬಿಯಷ್ಟು ಗಾತ್ರದ ಹೊಸ ಮಿಷನ್ನುಗಳು ಬಂದು, ಇಬ್ಬರು ಹೊರಬೇಕಾದ ನಮ್ಮ ಮಿಷನ್ನನ್ನು ಕೇಳುವವರು ಕಡಿಮೆಯಾಗಿದ್ದಾರೆ. ಅಂಥ ಹೊತ್ತಿನಲ್ಲಿ, ಎರಡು ವರ್ಷದ ಹಿಂದೆ ಇರಬೇಕು, ಶಿಕಾರಿಪುರದ ಒಂದು ಖಾಸಗಿ ತರಬೇತಿ ಕೇಂದ್ರದಿಂದ ಐದು ಮಿಷನ್ ಬೇಕೆಂದು ಚಿಕ್ಕಪ್ಪನಿಗೆ ಮಾತು ಬಂತು. ಬಿಚ್ಚಿದರೆ ಒಳಗಿನದು ವಿದ್ಯಾರ್ಥಿಗಳಿಗೆ ಕಾಣುವಂತಿರಬೇಕು, ಅದಕ್ಕೆ ಹಳೇ ಥರದ್ದೇ ಆಗಬೇಕು ಎಂದರಂತೆ. ಷರತ್ತು ಒಂದೇ. ಅಲ್ಲಿನ ಇನ್‌ಸ್ಟ್ರಕ್ಟರು ಚಂದ್ರಪ್ಪನವರು ತಯಾರಾಗುವ ಜಾಗವನ್ನು ಕಣ್ಣಾರೆ ನೋಡಿ, ಫಾರಮ್ಮಿನಲ್ಲಿ ಬರೆದುಕೊಂಡು ಹೋಗಬೇಕು. ಪ್ಲೇಟಿನಲ್ಲಿರುವ ಊರು, ಫಾರಮ್ಮಿನಲ್ಲಿರುವ ಊರು ಒಂದೇ ಆಗಿರಬೇಕು.

ಚಂದ್ರಪ್ಪನವರನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಚಿಕ್ಕಪ್ಪ ನನ್ನನ್ನು ಕರೆಸಿದ. “ಶಿಕಾರಿಪುರ ಅಂತ ಹೊಸ ಪ್ಲೇಟ್ ಮಾಡಸ್ಬೇಕು. ನಾಕು ಸಾಲು ಬರಕೊಡು. ನೀನು ಏನೇನೋ ಬರೀತೀಯಲ್ಲ, ಯಾರೂ ಓದದ್ದು. ಇದನ್ನಾದ್ರೂ ಓದೋ ಹಂಗ್ ಬರಿ.”

ನಾನು ಬರೆದೆ. ಮೂರನೆಯ ಸಾಲು ಉದ್ದವಾಯಿತು ಎಂದು ಕತ್ತರಿಸಿದ. ಆ ಸಂಜೆಯೇ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ, ಹೂವಿನ ಚಿತ್ರಗಳ ನಡುವೆ, ಅತ್ತೆಯ ಧ್ವನಿ ಬಂತು. ಪ್ಲೇಟಿನ ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ. ಫೋನು ಬದಲಾಯಿಸಿದಾಗ ಆ ಧ್ವನಿ ಅಳಿಸಿಹೋಯಿತು, ಆದ್ದರಿಂದ ಇದು ಹೆಚ್ಚುಕಡಿಮೆ:

“ಹಾಲೇಶ, ನಾನು ಗಿರಿಜಕ್ಕ. ಪ್ಲೇಟಿನ ಮೇಲೆ ಜಡೆ ಅಂತ ಹಾಕಿಸ್ತೀಯ ಅಂದ್ರೆ ಹೇಳು. ಇಲ್ಲ ಅಂದ್ರೆ ಇನ್ನು ಒಂದು ಸುತ್ತೂ ಸುತ್ತಾಕಿಲ್ಲ. ಎಲ್ಲಾರೂ ಕೇಳಿಸ್ಕಣ್ಲಿ ಅಂತಲೇ ಇದರಾಗೆ ಹಾಕಿದೀನಿ.”

ಇಪ್ಪತ್ತೆಂಟು ಜನ ಕೇಳಿಸಿಕೊಂಡರು. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಯಾರ ಪರವಾಗಿ ಎಂದು ತಿಳಿಯಲಿಲ್ಲ.

ಚಿಕ್ಕಪ್ಪ ತಲೆ ಹಿಡಿದುಕೊಂಡ. “ಜಡೆ ಅಂತ ಹಾಕಿದ್ರೆ ರಿಬ್ಬನ್ ಅಂಗಡಿ ಅನ್ಕಂತಾರೆ. ಒಂದ್ ಕಾಯಿಲ್ ಸುತ್ತಿದ್ರೆ ಮಿಷನ್ ಆತೇನು? ಡಬ್ಬ ನಂದು, ಕೋರು ನಂದು, ಸಣ್ಣ ಕಾಯಿಲ್ ನಂದು, ಜೋಡ್ಸೋನು ನಾನು. ನೀನು ಹೋಗಿ ಸಮಾಧಾನ ಮಾಡಿ ಬಾ. ನಿನ್ನ ಮಾತು ಕೇಳ್ತಾಳೆ.”

ಅತ್ತೆ ನನ್ನ ಮಾತನ್ನು ಯಾವತ್ತೂ ಕೇಳಿದವಳಲ್ಲ. ಆದರೂ ಭಾನುವಾರ ಹೋದೆ.

ಅವಳ ಸಿಟ್ಟಿಗೆ ಕಾರಣ ಅಲ್ಲಿ ಗೊತ್ತಾಯಿತು. ಪಕ್ಕದ ಮನೆಗೆ ಗೇಟು ಕೂರಿಸಲು ಆನವಟ್ಟಿಯಿಂದ ಒಬ್ಬ ವೆಲ್ಡರು ಬಂದಿದ್ದ. ಅವನ ಮಿಷನ್ನು ಗುಂಯ್ ಎನ್ನುವುದು ಕೇಳಿ ಅತ್ತೆ ಹೊರಗೆ ಬಂದಳು. ಗಾಳಿಕಂಡಿಯಲ್ಲಿ ಬಗ್ಗಿ ನೋಡಿದಳು. ಪಟ್ಟಿಯ ಕೊನೆಯನ್ನು ದಾರದಿಂದ ಕಟ್ಟಿದ ಗಂಟು ಅವಳದೇ. ಅವಳು ಡಬ್ಬದ ಮೇಲೆ ಕೈ ಇಟ್ಟಳು.

“ಅಮ್ಮಾರೇ, ಮುಟ್‌ಬ್ಯಾಡ್ರೀ. ಕೊಯಮತ್ತೂರಿನ ಮಾಲು” ಎಂದ ಅವನು.

“ಇದು ನಾನು ಸುತ್ತಿದ್ದು.”

“ಹೂಂ, ಮತ್ತೆ! ಕರೆಂಟು ತಯಾರ್ ಮಾಡಿದ್ದೂ ನೀವೇ ಇರಬೇಕು.”

ಗೇಟಿನ ಮನೆಯವರೂ ನಕ್ಕರು. ಅದನ್ನು ಹೇಳುವಾಗ ಅತ್ತೆಗೆ ಸಿಟ್ಟಿರಲಿಲ್ಲ. ಪಟ್ಟಿಗೆ ಹತ್ತಿಬಟ್ಟೆಯ ಟೇಪು ಸುತ್ತುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. “ಅವ್ನು ನಕ್ಕಿದ್ದಕ್ಕೆ ಬೇಜಾರಿಲ್ಲ ಕಣೋ. ಇವರು ಯಾಕೆ ನಗಬೇಕು? ಇಪ್ಪತ್ತು ವರ್ಷ ಆತು ನಾನು ಕೊಡತಿ ಬಡಿಯದು ಕೇಳಿಸ್ಕಂತಾ ಇದಾರೆ. ಎಂತ ಅಂದ್ಕಂಡಿದ್ರು? ಚಟ್ನಿ ಕುಟ್ತೀನಿ ಅಂತನಾ?”

ಸಮಾಧಾನದ ಮಾತಿಗೆ ನಾನು ತಯಾರಿಸಿಕೊಂಡು ಹೋದ ವಾಕ್ಯ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಸುತ್ತಾಕಿಲ್ಲ ಎಂದವಳು ಹಳೆಯದೊಂದು ಕಾಯಿಲನ್ನು ಮುಗಿಸುತ್ತಿದ್ದಳು; ಅರ್ಧಕ್ಕೆ ಬಿಟ್ಟರೆ ಪಟ್ಟಿ ಸಡಿಲಾಗುತ್ತದಂತೆ. ಆಗ ಅವಳು ಬಾಯಲ್ಲಿ ಏನೋ ಗುನುಗುತ್ತಿದ್ದದ್ದು ಕೇಳಿಸಿತು. ದೇವರ ನಾಮ ಎಂದುಕೊಂಡೆ.

“ಶಾಂತಮ್ಮನ ಮನೆ... ಪೋಸ್ಟಿನ ಸಿದ್ದಪ್ಪನ ಮನೆ... ಹಿಟ್ಟಿನ ಗಿರಣಿಯವರ ಮನೆ... ಗೌರಕ್ಕನ ಮನೆ...”

ಒಂದು ಮನೆಗೆ ಒಂದು ಸುತ್ತು, ಒಂದು ಸುತ್ತಿಗೆ ಎರಡು ಏಟು.

“ಅತ್ತೆ, ಎಂತ ಅದು?”

“ಎಣಿಸ್ತಾ ಇದೀನಿ. ಬೋರ್‌ವೆಲ್ಲಿಂದ ಶುರು, ಬಸ್‌ಸ್ಟ್ಯಾಂಡಿಗೆ ಮುಗೀತು.”

ಅಂಕಿ ಎಣಿಸಿದರೆ ಯಾರಾದರೂ ಮಾತಾಡಿಸಿದ ಕೂಡಲೇ ತಪ್ಪಿಹೋಗುತ್ತದಂತೆ. ಮನೆ ತಪ್ಪುವುದಿಲ್ಲ. ಮದುವೆಯ ಕಾಗದ ಕೊಡುವಾಗ, ಅರಿಶಿನ ಕುಂಕುಮಕ್ಕೆ ಕರೆಯುವಾಗ ಕೇರಿಯ ಒಂದು ಮನೆ ಬಿಟ್ಟರೆ ಹದಿನೈದು ವರ್ಷ ಮಾತು ಕೇಳಬೇಕು. ಆ ಹೆದರಿಕೆಯಲ್ಲಿ ಕಲಿತ ಲೆಕ್ಕ ಅದು. ಇದನ್ನು ನಾನು ಒಪ್ಪಿದೆ. ನನ್ನ ತರಗತಿಯ ಹಾಜರಿ ಪುಸ್ತಕಕ್ಕೆ ಅಷ್ಟು ಭದ್ರತೆ ಇಲ್ಲ.

“ಹಿಟ್ಟಿನ ಗಿರಣಿಯವರ ಮನೆ ಎರಡು ಸಲ ಹೇಳಿದ್ರಿ,” ಎಂದೆ. ನನಗೆ ತಪ್ಪು ತಿದ್ದುವ ರೋಗ ಇದೆ.

“ಅಣ್ಣತಮ್ಮ ಹೋದ ಯುಗಾದಿಗೆ ಪಾಲಾದ್ರಲ್ಲ. ನಡುಮನೆಗೆ ಗೋಡೆ ಹಾಕ್ಯಾರೆ. ಈಗ ಎರಡು ಮನೆ.”

“ಅಂದ್ರೆ ಒಂದು ಸುತ್ತು ಜಾಸ್ತಿ ಆಯ್ತಾ?”

“ಮತ್ತೆ? ಅವರಿಬ್ರೂ ಮಾತಾಡಲ್ಲ. ಒಂದೇ ಸುತ್ತಿನಾಗೆ ಹೆಂಗೆ ಹಾಕೋದು?”

ಶಿಕಾರಿಪುರಕ್ಕೆ ಬಂದು ಇದನ್ನು ಹೇಳಿದಾಗ ಚಿಕ್ಕಪ್ಪ ಒಂದು ದಪ್ಪ ಕಾಯಿಲನ್ನು ಎಳೆದುಕೊಂಡು ಅದರ ಸುತ್ತು ಎಣಿಸಿದ. ಹಿಂದಿನ ಯುಗಾದಿಯಿಂದ ಮಿಷನ್ನುಗಳು ಚೆನ್ನಾಗಿ ಕಿಡಿ ಹಿಡಿಯುತ್ತಿವೆ, ರಾಡು ಅಂಟುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರಂತೆ. ತಾನು ತರಿಸಿದ ಹೊಸ ಕೋರ್ ತಗಡಿನ ಮಹಿಮೆ ಎಂದು ಅವನು ತಿಳಿದಿದ್ದ; ಎರಡು ಕಡೆ ಹೇಳಿಕೊಂಡೂ ಇದ್ದ. ಸುತ್ತು ಹೆಚ್ಚಿದರೆ ವೋಲ್ಟು ಹೆಚ್ಚುತ್ತದೆ. ಒಂದು ಪಾಲು ಪಂಚಾಯ್ತಿ ಅವನ ಮಿಷನ್ನನ್ನು ಸುಧಾರಿಸಿತ್ತು.

“ಅದನ್ನ ಚಂದ್ರಪ್ಪನ ಮುಂದೆ ಹೇಳ್‌ಬ್ಯಾಡ,” ಎಂದ.

ಚಂದ್ರಪ್ಪನವರು ಅಂಗಡಿಗೆ ಬಂದರು. ಕಡಿಮೆ ಮಾತಿನ, ಜೇಬಿನಲ್ಲಿ ಎರಡು ಪೆನ್ನಿಟ್ಟುಕೊಂಡ ಮನುಷ್ಯ. ಡಬ್ಬ ನೋಡಿದರು, ಕೋರು ನೋಡಿದರು, ಸಣ್ಣ ಕಾಯಿಲು ಸುತ್ತುವ ಯಂತ್ರದ ಗಡಿಯಾರ ನೋಡಿ ತಲೆಯಾಡಿಸಿದರು. ಆಮೇಲೆ ದಪ್ಪ ಕಾಯಿಲನ್ನು ಎತ್ತಿ ಹಿಡಿದು, “ಇದನ್ನ ಸುತ್ತೋರು ಯಾರು?” ಎಂದರು.

“ಅದು ಹೊರಗಡೆ ಆಗ್ತೈತಿ ಸಾರ್.”

“ಹೊರಗಡೆ ಅಂದ್ರೆ?”

ಚಿಕ್ಕಪ್ಪ ನನ್ನನ್ನು ನೋಡಿದ. ನಾನು ಕೋರನ್ನು ನೋಡಿದೆ. “ಜಡೆ,” ಎಂದ ಚಿಕ್ಕಪ್ಪ. ಆ ಹೆಸರನ್ನು ಅವನು ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಥವಾ ದನಿ ಸರಿಯಾಗಿಯೇ ಇತ್ತು, ಹಿಂದೆ ಲಾರಿ ಹೋಗುತ್ತಿತ್ತು.

ಮರುದಿನ ಮೂವರೂ ಜಡೆಗೆ ಹೋದೆವು. ಅತ್ತೆ ಚಂದ್ರಪ್ಪನವರಿಗೆ ಮಜ್ಜಿಗೆ ಕೊಟ್ಟಳು, ತಮ್ಮನಿಗೂ ಕೊಟ್ಟಳು, ಆದರೆ ತಮ್ಮನ ಲೋಟವನ್ನು ಸ್ವಲ್ಪ ದೂರದಲ್ಲಿ ಇಟ್ಟಳು. ಅವನು ಎದ್ದು ತೆಗೆದುಕೊಳ್ಳಬೇಕಾಯಿತು. ಕಾಯಿಲು ಸುತ್ತಿ ತೋರಿಸಿ ಎಂದಾಗ, “ಇವರು ಕೇಳಿದ್ದಕ್ಕೆ ಸುತ್ತುತ್ತೀನಿ. ನಿನಗಲ್ಲ” ಎಂದಳು. ಚಂದ್ರಪ್ಪನವರು ಪಕ್ಕದಲ್ಲಿ ಕೂತು ಅಂಕಿಯಲ್ಲಿ ಎಣಿಸಿದರು, ಅತ್ತೆ ಮನೆಗಳಲ್ಲಿ ಎಣಿಸಿದಳು. ಅವಳು ಬಸ್‌ಸ್ಟ್ಯಾಂಡು ಮುಟ್ಟಿದಾಗ ಅವರದು ನಲವತ್ತಮೂರು. ಇನ್ನೊಂದು ಕಾಯಿಲು ಸುತ್ತಿಸಿದರು. ನಡುವೆ ಹಾಲಿನವನು ಬಂದ, ಫೋನು ಬಂತು, ಅವಳು ಎರಡಕ್ಕೂ ಉತ್ತರ ಕೊಟ್ಟಳು. ಮತ್ತೆ ನಲವತ್ತಮೂರು.

ಚಂದ್ರಪ್ಪನವರು ಫಾರಮ್ಮು ತೆಗೆದು ಸುತ್ತಿನ ಸಂಖ್ಯೆಯ ಮುಂದೆ ಬರೆಯತೊಡಗಿದರು.

“ಹಂಗೆ ಖಾಯಂ ಬರೀಬೇಡ್ರಿ ಮೇಷ್ಟ್ರೇ,” ಎಂದಳು ಅತ್ತೆ. “ನಾಗರಾಜ ಕೇರಿ ಕೊನೇಲಿ ಹೊಸ ಮನೆ ಕಟ್ಟಸ್ತಾ ಇದಾನೆ. ಬಾಗಿಲು ಕೂರ್ಸಿ ಆತು. ಮುಂದಿನ ತಿಂಗಳಿಗೆ ನಲವತ್ನಾಲ್ಕು.”

ಚಿಕ್ಕಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. “ಅಕ್ಕಾ, ನಿನ್ನ ಕಾಲಿಗ್ ಬೀಳ್ತೀನಿ, ಊರನ್ನ ಅಲ್ಲಿಗೇ ನಿಲ್ಲಸು.”

“ಯಾಕೆ? ನಮ್ಮೂರು ಬೆಳೀಬಾರ್ದಾ? ಕೊಯಮತ್ತೂರು ಮಾತ್ರ ಬೆಳೀಬೇಕಾ?”

ಚಂದ್ರಪ್ಪನವರು ನಗಲಿಲ್ಲ. ಇನ್ನೂ ನಾಲ್ಕೈದು ಮನೆಯವರೆಗೆ ತೊಂದರೆ ಇಲ್ಲ, ಅದಕ್ಕಿಂತ ಹೆಚ್ಚಾದರೆ ಶಾಕು ಹೊಡೆಯುವ ಭಯ, ಆಗ ಮಾತ್ರ ತಿಳಿಸಿ ಎಂದರು. ಸುತ್ತಿನ ಸಂಖ್ಯೆಯ ಪಕ್ಕದಲ್ಲಿ ‘ಸದ್ಯಕ್ಕೆ’ ಎಂದು ಸೇರಿಸಿದರು. ಆಮೇಲೆ ಎರಡನೆಯ ಪೆನ್ನು ತೆಗೆದರು. ತಯಾರಿಕಾ ಸ್ಥಳ. ಅದಕ್ಕೆ ಫಾರಮ್ಮಿನಲ್ಲಿ ಒಂದೇ ಸಾಲು.

“ಶಿಕಾರಿಪುರ,” ಎಂದ ಚಿಕ್ಕಪ್ಪ.

ಅತ್ತೆ ಕೊಡತಿಯನ್ನು ಒರೆಸಿ ಗೂಟಕ್ಕೆ ತೂಗು ಹಾಕಿದಳು. ಇನ್ನು ಅದನ್ನು ಇಳಿಸುವುದಿಲ್ಲ ಎಂದು ಮೂವರಿಗೂ ಅರ್ಥವಾಯಿತು.

“ಹಾಲೇಶಪ್ಪ,” ಎಂದರು ಚಂದ್ರಪ್ಪನವರು, “ಡಬ್ಬ ತುಕ್ಕು ಹಿಡಿದ್ರೆ ನಾವೇ ಬಣ್ಣ ಹೊಡ್ಕಂತೀವಿ. ಸಣ್ಣ ಕಾಯಿಲ್ ಸುಟ್ರೆ ಪೇಟೇಲಿ ಯಾರಾದ್ರೂ ಸುತ್ತಿಕೊಡ್ತಾರೆ. ಈ ಕಾಯಿಲ್ ಸುಟ್ರೆ ಎಲ್ಲಿಗೆ ತರ್ಬೇಕು?”

ಉತ್ತರ ಎಲ್ಲರಿಗೂ ಗೊತ್ತಿತ್ತು, ಆದರೆ ಹೇಳಬೇಕಾದವನು ಚಿಕ್ಕಪ್ಪನೇ ಆಗಿದ್ದ.

“ಇಲ್ಲಿಗೇ,” ಎಂದ.

ಚಂದ್ರಪ್ಪನವರು ‘ಜಡೆ, ಸೊರಬ ತಾಲ್ಲೂಕು’ ಎಂದು ಬರೆದು ಪೆನ್ನು ಮುಚ್ಚಿದರು. ಈ ಮಾತುಕತೆ ಇಷ್ಟು ಚೊಕ್ಕವಾಗಿ ನಡೆದಿರಲಾರದು ಎಂಬ ಅನುಮಾನ ನನಗಿದೆ. ಹೇಳಿ ಹೇಳಿ ನಾನೇ ಕೊಡತಿಯಿಂದ ಬಡಿದು ಕೂರಿಸಿರಬಹುದು. ಬರೆದದ್ದು ಮಾತ್ರ ನಿಜ. ಫಾರಮ್ಮಿನ ನಕಲು ಚಿಕ್ಕಪ್ಪನ ಹತ್ತಿರ ಇದೆ.

ಹೊಸ ಪ್ಲೇಟಿನ ನಾಲ್ಕು ಸಾಲನ್ನು ನಾನೇ ತಿದ್ದಿ ಬರೆದೆ. ನನ್ನ ಬರವಣಿಗೆಯಲ್ಲಿ ರಿವೆಟ್ ಹೊಡೆದು ಕೂರಿಸಿದ್ದು ಅದೊಂದೇ. ಐದು ಮಿಷನ್ನು ತರಬೇತಿ ಕೇಂದ್ರಕ್ಕೆ ಹೋದವು. ಅತ್ತೆ ಒಂದು ಪ್ಲೇಟನ್ನು ಇಸಿದುಕೊಂಡು ಹೋಗಿ ಗೇಟಿನ ಮನೆಯವರಿಗೆ ತೋರಿಸಿದಳಂತೆ. ಅವರು ಇಂಗ್ಲಿಷು ಓದಲು ಬರುವ ಸೊಸೆಯನ್ನು ಕರೆದು ಓದಿಸಿ, ನಗದೆ, ಕಾಫಿ ಕೊಟ್ಟರಂತೆ. ಅಂಗಡಿಯ ಉಳಿದ ಮಿಷನ್ನುಗಳಿಗೂ ಈಗ ಅದೇ ಪ್ಲೇಟು. ಹೊನ್ನಾಳಿ ಕಡೆಯ ಗಿರಾಕಿಗಳು “ಜಡೆ ಅಂದ್ರೆ ಎಲ್ಲಿ ಬರ್ತೈತ್ರಿ?” ಎಂದು ಕೇಳಿದರೆ ಚಿಕ್ಕಪ್ಪ ಗಂಭೀರವಾಗಿ, “ಬಾಳ ದೂರ. ಬಸ್ ಬದಲಾಯಿಸ್ಬೇಕು” ಎನ್ನುತ್ತಾನೆ. ಅವರು ನೆತ್ತಿ ತಟ್ಟಿ, ಮುಟ್ಟಿದರೇ ಗೊತ್ತಾಗುತ್ತದೆ ಎನ್ನುತ್ತಾರೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋದ ತಿಂಗಳು ಜಡೆಗೆ ಹೋದಾಗ ಸುಮ್ಮನಿರಲಾರದೆ ನಾನೇ ಆ ಕೇರಿಯನ್ನು ಎಣಿಸಲು ಹೊರಟೆ. ಬೋರ್‌ವೆಲ್ಲಿನಿಂದ ಬಸ್‌ಸ್ಟ್ಯಾಂಡಿನವರೆಗೆ, ಕೈಯಲ್ಲಿ ಕಾಗದ ಪೆನ್ನು. ಹೈಸ್ಕೂಲು ಮೇಷ್ಟ್ರು ಕಾಗದ ಹಿಡಿದು ಮನೆ ಎಣಿಸಿದರೆ ಜನ ಏನು ತಿಳಿಯುತ್ತಾರೋ ಅದನ್ನೇ ತಿಳಿದರು. ಒಬ್ಬರು ತಮ್ಮ ಸೊಸೆಯ ಹೆಸರು ವೋಟರ್ ಲಿಸ್ಟಿನಲ್ಲಿ ಬಂದಿಲ್ಲ ಎಂದರು. ಇನ್ನೊಬ್ಬರು ಹೋದ ಸಲ ಬಂದವನು ನಮ್ಮ ಮನೆ ಬಿಟ್ಟಿದ್ದ ಎಂದು ಬೈದರು. ಎರಡು ಸಲ ನಡೆದೆ. ಗಿರಣಿಯವರದು ಎರಡು ಎಂದೇ ಹಿಡಿದೆ, ನಾಗರಾಜನ ಹೊಸ ಮನೆಯನ್ನೂ ಸೇರಿಸಿದೆ. ಎರಡು ಸಲವೂ ಮೂವತ್ತೇಳೇ ಬಂತು.

ಪಡಸಾಲೆಗೆ ಬಂದು ಹೇಳಿದೆ. “ಅತ್ತೆ, ನಲವತ್ನಾಲ್ಕಕ್ಕೆ ಏಳು ಮನೆ ಕಮ್ಮಿ ಬರ್ತವೆ.”

ಅವಳು ಸುತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ನೀನು ಬಾಗ್ಲು ಎಣಿಸಿದೀಯ,” ಎಂದು ಮುಂದಿನ ಮನೆಗೆ ಹೋದಳು.

ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಆ ಏಳು ಬಿದ್ದುಹೋದ ಮನೆಗಳು ಇರಬಹುದು, ಊರು ಬಿಟ್ಟವರದಿರಬಹುದು. ನಡುವೆ ಒಂದು ಹೆಸರು ಶಿಕಾರಿಪುರದಲ್ಲಿ ಅವಳು ಹುಟ್ಟಿದ ಮನೆಯ ಎದುರುಮನೆಯವರದು ಎಂದು ಅನಿಸಿತು. ಆದರೆ ಕೊಡತಿಯ ಏಟು ಅದರ ಮೇಲೇ ಬಿತ್ತು, ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳುವಂತಿರಲಿಲ್ಲ, ಸುತ್ತು ಮುಂದೆ ಹೋಗಿತ್ತು. ಕಾಯಿಲು ಮುಗಿಯಿತು, ವಾರ್ನಿಶಿಗೆ ಹೋಯಿತು, ಈಗ ಯಾರ ಮನೆಯ ಗೇಟನ್ನೋ ಬೆಸೆಯುತ್ತಿರಬೇಕು. ಪ್ಲೇಟಿನ ಮೇಲೆ ಜಡೆ ಎಂದಿದೆ, ಬರೆದವನು ನಾನು. ಆ ಏಳು ಮನೆಗಳು ಯಾವ ಊರಿನವು ಎಂದು ನನಗೆ ಗೊತ್ತಿಲ್ಲ.